ಜಯನಗರದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ನಮ್ಮ ಊರುಗಳ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಬೆಂಗಳೂರು ಎಷ್ಟು ದೂರ ಎಂದು ಕೇಳಿದರೆ 'ಒಂದು ರಾತ್ರಿ ಬಸ್ಸು' ಎನ್ನುತ್ತಾರೆ. ಪತ್ರಿಕೋದ್ಯಮ ಓದಿ ಬಿಟಿಎಂ ಲೇಔಟಿನ ಪಿಜಿಗಳಿಗೆ ಬಂದ ನಾವು ಜಯನಗರ, ಬನಶಂಕರಿಯ ಹಿರಿಯರನ್ನು ಮಾತಾಡಿಸಿದಾಗ ಅಲ್ಲೂ ಅದೇ ಲೆಕ್ಕ ಕೇಳಿಸಿತು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ಅಮ್ಮಂದಿರು ನೆನಪಿಟ್ಟುಕೊಂಡಿರುವುದು ಗಂಟೆಗಳನ್ನು, ನಡುವೆ ವಿಮಾನ ಬದಲಿಸಿದ ಊರುಗಳನ್ನು.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದಕ್ಕೂ ಮೊದಲು, 1940ರಲ್ಲಿ, ಊರಿನ ಪೂರ್ವಕ್ಕೆ ವಿಮಾನ ಕಟ್ಟುವ ಎಚ್‌ಎಎಲ್ ಕಾರ್ಖಾನೆ ಶುರುವಾಗಿತ್ತು. ಮುಂದೆ ಅಲ್ಲಿನ ರನ್‌ವೇಯೇ ಬೆಂಗಳೂರಿನ ವಿಮಾನ ನಿಲ್ದಾಣವಾಯಿತು. ಜಯನಗರದಿಂದ ಅಲ್ಲಿಗೆ ಹತ್ತು–ಹನ್ನೆರಡು ಕಿಲೋಮೀಟರ್, ಆಟೋದಲ್ಲೇ ಹೋಗಿಬಿಡಬಹುದಿತ್ತು. ಆದರೆ ಅಮೆರಿಕಕ್ಕೆ ನೇರ ವಿಮಾನ ಇರಲಿಲ್ಲ. ಮುಂಬೈಯಲ್ಲೋ ಯುರೋಪಿನಲ್ಲೋ ಇಳಿದು, ಕಾದು, ಮತ್ತೆ ಹತ್ತಬೇಕು. ಮನೆ ಬಿಟ್ಟು ಮನೆ ಸೇರುವಷ್ಟರಲ್ಲಿ ಒಂದು ದಿನ ದಾಟುತ್ತಿತ್ತು.

2008ರ ಮೇ 24ರಂದು ನಿಲ್ದಾಣ ದೇವನಹಳ್ಳಿಗೆ ಹೋಯಿತು. ರನ್‌ವೇ ದೊಡ್ಡದಾಯಿತು, ಆದರೆ ದಕ್ಷಿಣ ಬೆಂಗಳೂರಿನವರಿಗೆ ದಾರಿ ಸುಮಾರು 40 ಕಿಲೋಮೀಟರಿಗೆ ಬೆಳೆಯಿತು. ಬೆಳಗಿನ ಜಾವದ ವಿಮಾನಕ್ಕೆ ಹಿಂದಿನ ರಾತ್ರಿಯೇ ಸೂಟ್‌ಕೇಸ್ ಹಿಡಿದು ವಾಯುವಜ್ರ ಬಸ್ಸು ಹತ್ತುವ ರೂಢಿ ಬಂತು.

ನೇರ ವಿಮಾನ ಬಂದದ್ದು 2021ರಲ್ಲಿ. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777, ಸುಮಾರು 17 ಗಂಟೆ ಎಲ್ಲೂ ಇಳಿಯದೆ ಹಾರಿ, ನಮ್ಮ ಗಡಿಯಾರದಲ್ಲಿ ಜನವರಿ 11ರ ನಸುಕಿಗೆ ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳುತನದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್ ಅದನ್ನು ಹಾರಿಸಿದರು. ನಾಲ್ವರೂ ಹೆಣ್ಣುಮಕ್ಕಳು.

ಎರಡೂ ಊರುಗಳ ನಡುವಿನ ನೇರ ಅಂತರ ಸುಮಾರು 14,000 ಕಿಲೋಮೀಟರ್. ಗೋಡೆಯ ನಕಾಶೆ ನೋಡಿದರೆ ಈ ದಾರಿ ಅರ್ಥವಾಗುವುದಿಲ್ಲ. ಶಾಲೆಯ ಗೋಳ ತೆಗೆದುಕೊಂಡು ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿಯಿರಿ, ದಾರ ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಭೂಮಿಯ ಈ ಮಗ್ಗುಲಲ್ಲಿ ಒಂದು, ಹೆಚ್ಚುಕಡಿಮೆ ಎದುರು ಮಗ್ಗುಲಲ್ಲಿ ಇನ್ನೊಂದು ಇರುವುದರಿಂದ ಧ್ರುವದ ಮೇಲಿನ ದಾರಿಯೇ ಹತ್ತಿರ. ಆ ಮೊದಲ ವಿಮಾನ ಬಂದದ್ದೂ ಅದೇ ದಾರಿಯಲ್ಲಿ.

ಆದರೆ ಆ ದಿನಗಳು ಎಂಥವು? ಕೊರೊನಾದಿಂದ 2020ರ ಮಾರ್ಚ್ 23ಕ್ಕೆ ನಿಂತ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಪೂರ್ತಿ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ನಡುವಿನ ಎರಡು ವರ್ಷ ಪ್ರಯಾಣಿಕರಿಗೆ ಹಾರಿದವು ವಿಶೇಷ ವಿಮಾನಗಳು ಮಾತ್ರ. ಟಿಕೆಟ್, ವೀಸಾ, ಕೊರೊನಾ ಪರೀಕ್ಷೆ, ಕ್ವಾರಂಟೈನ್ ಎಲ್ಲ ಕೂಡಿಬಂದರಷ್ಟೇ ಪ್ರಯಾಣ. ಅಪ್ಪನ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳಿದ್ದಾರೆ. ಅಮೆರಿಕ ಬೆಂಗಳೂರಿಗೆ ಹಿಂದೆಂದೂ ಇಲ್ಲದಷ್ಟು ಹತ್ತಿರವಾದದ್ದೂ, ಮಗ ಅಮ್ಮನಿಂದ ಹಿಂದೆಂದೂ ಇಲ್ಲದಷ್ಟು ದೂರವಾದದ್ದೂ ಒಂದೇ ಕಾಲದಲ್ಲಿ.

ಇದು ನಮಗೆ ಹೊಸದಲ್ಲ. 2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ, 'ಒಂದು ರಾತ್ರಿ' ದೂರದ ನಮ್ಮ ಊರುಗಳೂ ಕೈಗೆ ಸಿಗದೆ ಹೋಗಿದ್ದವು. ಕಿಲೋಮೀಟರ್ ಮಾತ್ರ ಅಷ್ಟೇ ಇತ್ತು.