ಆಟದ ವಿಮಾನಕ್ಕೆ ಮೇಲುಖರ್ಚು ಬೇಕೇ?

ಊರು ಬಿಟ್ಟು ಬಂದು ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಬೇಡಿಕೆ ತಲೆದೋರಿದೆ. ಓದಿಗೆಂದು ಮಕ್ಕಳಿಗೆ ಕಂಪ್ಯೂಟರ್ ಕೊಡಿಸಿದ್ದಾಯಿತು. ಅದರಲ್ಲಿ ವಿಮಾನ ಹಾರಿಸುವ ಆಟ, ಅಂದರೆ ಫ್ಲೈಟ್ ಸಿಮ್ಯುಲೇಟರ್, ಬಂದು ಕುಳಿತದ್ದೂ ಆಯಿತು. ಈಗ ಅದಕ್ಕೆ ಒಂದು ಉಪಸಾಧನ ಬೇಕಂತೆ. ಅದು ಹೊಸ ವಿಮಾನವಲ್ಲ, ಹೊಸ ಊರಿನ ದೃಶ್ಯವೂ ಅಲ್ಲ; ತೆರೆಯ ಮೇಲೆ ಕಾಣಿಸುವುದೇ ಇಲ್ಲ. 'ಕಾಣದ ವಸ್ತುವಿಗೆ ದುಡ್ಡೇಕೆ?' ಎಂದು ಮನೆಯೊಡತಿ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನಾವು ಸರ್ಕಾರಿ ಗುಮಾಸ್ತರು. ಮಂಜೂರಾತಿಗೆ ಒಂದು ಕಾಗದ ಬಂದರೆ ಹಿಂದಿನ ಕಡತ ತರಿಸಿ ನೋಡದೆ ಟಿಪ್ಪಣಿ ಬರೆಯುವ ಅಭ್ಯಾಸ ನಮಗಿಲ್ಲ. ಈ ವಿಷಯದ ಹಿಂದಿನ ಕಡತ ತೊಂಬತ್ತು ವರ್ಷಕ್ಕೂ ಹಳೆಯದು, ಸ್ವಾರಸ್ಯವೂ ಉಳ್ಳದ್ದು.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಲಿಂಕ್ ಎಂಬ ಮನೆತನದವರ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆ ಮನೆಯ ಮಗ ಎಡ್ವಿನ್ ಲಿಂಕ್‌ಗೆ ವಿಮಾನ ಹಾರಿಸುವ ಹುಚ್ಚು. ಆದರೆ ಕಲಿಯುವ ಖರ್ಚು ವಿಪರೀತ. ನೆಲದ ಮೇಲೆಯೇ ಅರ್ಧ ಪಾಠ ಕಲಿಸುವ ಯಂತ್ರವೊಂದನ್ನು ಮಾಡಬಾರದೇಕೆ ಎಂದು ಅವನು ಯೋಚಿಸಿದ. ಕಾರ್ಖಾನೆಯಲ್ಲಿ ಆರ್ಗನ್ನಿನ ತಿದಿಗಳೂ ಗಾಳಿ ಎಳೆಯುವ ಪಂಪುಗಳೂ ಬೇಕಾದಷ್ಟಿದ್ದವು. ಗಿಡ್ಡ ರೆಕ್ಕೆಯ ಒಂದು ಪುಟ್ಟ ಮರದ ವಿಮಾನವನ್ನು ಅವುಗಳ ಮೇಲೆ ಕೂರಿಸಿದ. ಒಳಗೆ ಕುಳಿತವನು ಹಿಡಿಕೆಯನ್ನು ತಿರುಗಿಸಿದರೆ ತಿದಿಗಳು ಉಬ್ಬಿ ಕುಗ್ಗಿ, ಯಂತ್ರ ನಿಜವಾದ ವಿಮಾನದಂತೆ ಓಲಾಡುತ್ತಿತ್ತು. 1929ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ, 1931ರಲ್ಲಿ ದೊರೆಯಿತು. ವಿಮಾನ ವಿದ್ಯಾರ್ಥಿಗಳ ತರಬೇತಿಗೂ ಮನರಂಜನೆಗೂ ಒದಗುವ ಸಾಧನವೆಂದು ಆ ಪೇಟೆಂಟಿನ ಶೀರ್ಷಿಕೆಯೇ ಹೇಳುತ್ತದೆ. ತರಬೇತಿಗೆ ಕೊಳ್ಳುವವರು ಹೆಚ್ಚು ಸಿಗಲಿಲ್ಲ. ಮನರಂಜನಾ ವನಗಳವರು ಕೊಂಡರು. ಜಾತ್ರೆಯ ತೊಟ್ಟಿಲಿನಂತೆ ಜನ ಕಾಸು ಕೊಟ್ಟು ಕುಳಿತು ನಕ್ಕು ಹೋದರು.

ಈ ಆಟಿಕೆಯ ಅದೃಷ್ಟ ಬದಲಾದದ್ದು ಒಂದು ದುರಂತದಿಂದ. ಅಂಚೆ ಸಾಗಿಸುವ ಗುತ್ತಿಗೆಗಳಲ್ಲಿ ಖಾಸಗಿ ವಿಮಾನ ಕಂಪನಿಗಳು ಒಳಸಂಚು ನಡೆಸಿದವೆಂಬ ಆರೋಪದ ಮೇಲೆ ಅಧ್ಯಕ್ಷ ರೂಸ್‌ವೆಲ್ಟ್ 1934ರ ಫೆಬ್ರುವರಿಯಲ್ಲಿ ಆ ಗುತ್ತಿಗೆಗಳನ್ನು ರದ್ದುಪಡಿಸಿ, ಕೆಲಸವನ್ನು ಸೇನೆಯ ವಿಮಾನದಳಕ್ಕೆ ವಹಿಸಿದರು. ಕಡು ಚಳಿಗಾಲ, ಮಂಜು, ಹಿಮ, ಕತ್ತಲು. ಸೇನೆಯ ಯುವಕರಿಗೆ ಕಣ್ಣಿಗೆ ನೆಲ ಕಾಣುವಾಗ ಹಾರುವುದು ಗೊತ್ತಿತ್ತೇ ಹೊರತು ಉಪಕರಣಗಳನ್ನು ಮಾತ್ರ ನೋಡಿಕೊಂಡು ಹಾರುವ ಅಭ್ಯಾಸ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ದೇಹದ ಸಮತೋಲವನ್ನು ತಿಳಿಸುವುದು ಒಳಗಿವಿಯಲ್ಲಿರುವ ದ್ರವ. ವಿಮಾನ ಬಹು ನಿಧಾನವಾಗಿ ಒಂದು ಕಡೆಗೆ ವಾಲಿದರೆ ಆ ದ್ರವಕ್ಕೆ ಅದು ತಿಳಿಯುವುದಿಲ್ಲ. ನೆಲವೂ ದಿಗಂತವೂ ಕಾಣದ ಮೋಡದೊಳಗೆ ಪೈಲಟ್ ತಾನು ನೇರವಾಗಿ ಹೋಗುತ್ತಿದ್ದೇನೆಂದೇ ನಂಬಿ ಸುತ್ತುತ್ತಾ ಕೆಳಗಿಳಿಯಬಹುದು. ಆಗ ಮೈಯ ಮಾತನ್ನು ನಂಬದೆ ಮುಳ್ಳುಗಳ ಮಾತನ್ನು ನಂಬಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಅಭ್ಯಾಸದಿಂದ ಬರುವುದು. ಆಕಾಶದಲ್ಲಿ ಅಭ್ಯಾಸ ಮಾಡಿ ತಪ್ಪಿದರೆ ಜೀವ ಹೋಗುತ್ತದೆ. ಲಿಂಕನ ಯಂತ್ರಕ್ಕೆ ಮುಸುಕು ಹಾಕಿ ಒಳಗೆ ಕೂರಿಸಿದರೆ ಅದೇ ತಪ್ಪಿಗೆ ಗುರುವಿನ ಬೈಗುಳ ಮಾತ್ರ.

ಯಂತ್ರವನ್ನು ನೋಡಲು ಸೇನಾಧಿಕಾರಿಗಳು ನ್ಯೂವರ್ಕ್ ವಿಮಾನ ನಿಲ್ದಾಣಕ್ಕೆ ಬಂದರು. ಅಂದು ಹವೆ ಕೆಟ್ಟಿತ್ತು. ಇಂಥ ಮಂಜಿನಲ್ಲಿ ಅವನೆಲ್ಲಿ ಬಂದಾನು ಎಂದು ಅವರು ಹೊರಡುವ ಸನ್ನಾಹದಲ್ಲಿದ್ದಾಗ ಲಿಂಕ್ ಉಪಕರಣಗಳನ್ನೇ ನಂಬಿ ಹಾರಿ ಬಂದು ಇಳಿದನಂತೆ. 1934ರಲ್ಲಿ ಸೇನೆ ಆರು ಯಂತ್ರಗಳನ್ನು ಕೊಂಡಿತು. ಒಂದಕ್ಕೆ 3,500 ಡಾಲರ್, ಒಟ್ಟು 21,000 ಡಾಲರ್. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಇಂಥ ಸಾವಿರಾರು ನೀಲಿ ಪೆಟ್ಟಿಗೆಗಳಲ್ಲಿ ಸುಮಾರು ಐದು ಲಕ್ಷ ಮಂದಿ ತರಬೇತಿ ಪಡೆದರು. ಅದೇ ವಿದ್ಯೆ ಬೆಳೆದು ನಮ್ಮ ಬೆಂಗಳೂರಿಗೂ ಬಂತು. ಅಲ್ಲಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ತೇಜಸ್ ಯುದ್ಧವಿಮಾನಕ್ಕಾಗಿ ಸಿಮ್ಯುಲೇಟರುಗಳನ್ನು ರೂಪಿಸಿದೆ.

ಈ ಯಂತ್ರ ಮನೆಯ ಮೇಜಿನ ಮೇಲೆ ಬಂದ ಕಥೆ ಬೇರೆ. ಬ್ರೂಸ್ ಆರ್ಟ್ವಿಕ್ ಎಂಬಾತ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಕಂಪ್ಯೂಟರ್ ತೆರೆಯ ಮೇಲೆ ಹಾರಾಟದ ನೋಟವನ್ನು ಮೂಡಿಸುವ ಬಗ್ಗೆ 1975ರಲ್ಲಿ ಪ್ರಬಂಧ ಬರೆದಿದ್ದ. ಅನಂತರ ಸಬ್‌ಲಾಜಿಕ್ ಎಂಬ ಕಂಪನಿ ಕಟ್ಟಿ, 1980ರ ಸುಮಾರಿಗೆ ಆಪಲ್ ಕಂಪ್ಯೂಟರಿಗೆ ಮೊದಲ ಫ್ಲೈಟ್ ಸಿಮ್ಯುಲೇಟರ್ ತಂದ. ಗೆರೆಗಳಿಂದ ಎಳೆದ ಬೆಟ್ಟ, ಗೆರೆಗಳಿಂದ ಎಳೆದ ನೆಲ, ಅಷ್ಟೇ. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಐ.ಬಿ.ಎಂ. ಪಿ.ಸಿ.ಗೆ ತಂದಿತು. ಬೇರೆ ಬೇರೆ ಪ್ರದೇಶಗಳ ದೃಶ್ಯಗಳನ್ನು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಮಾರುವ ವಾಡಿಕೆ ಆ ದಶಕದಲ್ಲಿಯೇ ಸಬ್‌ಲಾಜಿಕ್‌ನಿಂದ ಆರಂಭವಾಯಿತು. ಆಟ ಒಂದು ಕಡೆ, ಅದರ ಅಲಂಕಾರ ಇನ್ನೊಂದು ಕಡೆ ಎಂಬ ಲೆಕ್ಕಾಚಾರದ ಮೊದಲ ಪುಟ ಅದು.

ಆದರೆ ಲೋಕ ನಿಂತಲ್ಲಿ ನಿಲ್ಲುವುದಿಲ್ಲ. ಮೈಕ್ರೋಸಾಫ್ಟ್ ಆಟದ ವಿಮಾನ ಬಹುಕಾಲ ಮೊದಲಿಗೆ ನಿಲ್ಲುತ್ತಿದ್ದ ಶಿಕಾಗೋದ ಮೇಗ್ಸ್ ಫೀಲ್ಡ್ ನಿಲ್ದಾಣದ ಓಡುದಾರಿಯನ್ನು 2003ರ ಮಾರ್ಚ್ ಕೊನೆಯಲ್ಲಿ ರಾತ್ರೋರಾತ್ರಿ ಅಗೆದುಹಾಕಿದರು. 2008ರಲ್ಲಿ ಹೈದರಾಬಾದಿನ ನಿಲ್ದಾಣ ಬೇಗಂಪೇಟೆಯಿಂದ ಶಂಷಾಬಾದಿಗೂ ಬೆಂಗಳೂರಿನದು ಎಚ್.ಎ.ಎಲ್.ನಿಂದ ದೇವನಹಳ್ಳಿಗೂ ಹೋದವು. 2006ರಲ್ಲಿ ಬಿಡುಗಡೆಯಾದ ಆಟದಲ್ಲಿ ದೇವನಹಳ್ಳಿಯನ್ನು ಹುಡುಕಿದರೆ ಎಲ್ಲಿ ಸಿಕ್ಕೀತು? ಯಾರಾದರೂ ಕುಳಿತು ಹೊಸದಾಗಿ ಸೇರಿಸಬೇಕು. ಕೆಲವರು ಹವ್ಯಾಸಕ್ಕೆ ಸೇರಿಸಿ ಉಚಿತವಾಗಿ ಹಂಚಿದರು, ಕೆಲವರು ಬೆಲೆ ಇಟ್ಟರು.

ಈಗ ಆ ಕಾಣದ ಉಪಸಾಧನದ ವಿಷಯ. ಹಾರುತ್ತಿರುವ ಆಟದೊಳಗೆ ಎತ್ತರ, ವೇಗ, ದಿಕ್ಕು, ಇಂಧನ ಎಲ್ಲಕ್ಕೂ ಅಂಕೆಗಳಿರುತ್ತವೆ. ಹವಾಮಾನ ತೋರಿಸುವ ಇನ್ನೊಂದು ತಂತ್ರಾಂಶಕ್ಕೋ, ಯಾರೋ ಮನೆಯಲ್ಲಿ ಕಟ್ಟಿಕೊಂಡ ಕಾಕ್‌ಪಿಟ್ಟಿಗೋ ಆ ಅಂಕೆಗಳು ಬೇಕು. ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ಅವು ಕುಳಿತಿರುವ ಜಾಗ ಬದಲಾಗುತ್ತದೆ. ಇದಕ್ಕೆ ಪೀಟ್ ಡೌಸನ್ ಎಂಬ ಬ್ರಿಟಿಷ್ ತಂತ್ರಾಂಶಕಾರರು ಎಫ್.ಎಸ್.ಯು.ಐ.ಪಿ.ಸಿ. ಎಂಬ ಸಾಧನವನ್ನು ಬೆಳೆಸಿದರು. ವರ್ಗವಾಗಿ ಕ್ವಾರ್ಟರ್ಸ್ ಬದಲಾದರೂ ಹಳೆಯ ವಿಳಾಸಕ್ಕೆ ಬಂದ ಕಾಗದವನ್ನು ಹೊಸ ಮನೆಗೆ ತಂದುಕೊಡುವ ಅಂಚೆಯವನ ಪರಿಚಯ ನಮಗೆಲ್ಲ ಉಂಟಲ್ಲವೇ? ಇದು ಅಂಥದೇ ಕೆಲಸ. ಕೇಳುವ ತಂತ್ರಾಂಶಕ್ಕೆ ಒಂದೇ ವಿಳಾಸ. ಆಟದೊಳಗೆ ಮನೆ ಎಲ್ಲಿಗೆ ಹೋಗಿದೆಯೆಂದು ಹುಡುಕುವ ಹೊಣೆ ಈ ಸಾಧನದ್ದು.

ಮೊದಲು ಅದು ಪೂರಾ ಉಚಿತವಾಗಿತ್ತು. 2003ರ ಆಟಕ್ಕೆ ಹೊಂದುವ ಆವೃತ್ತಿಯಿಂದ ನೋಂದಣಿ ಶುಲ್ಕ ಬಂತು. ಇಷ್ಟು ದಿನ ಧರ್ಮಕ್ಕೆ ಸಿಗುತ್ತಿದ್ದದ್ದಕ್ಕೆ ಈಗ ದುಡ್ಡು ಕೇಳಿದರೆ ಮನಸ್ಸಿಗೆ ಮುಜುಗರವಾಗುವುದು ಸಹಜ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಆಟ ಮಾಡುತ್ತಿದ್ದ ತನ್ನ ಏಸಸ್ ವಿಭಾಗವನ್ನೇ ಮುಚ್ಚಿತು. 2012ರಲ್ಲಿ ಬೇರೊಂದು ರೂಪದಲ್ಲಿ ತಂದ ಆಟವನ್ನೂ ಅದೇ ವರ್ಷ ಕೈಬಿಟ್ಟಿತು. 2020ರ ಆಗಸ್ಟ್‌ನಲ್ಲಿ ಹೊಸ ಸಿಮ್ಯುಲೇಟರ್ ಬರುವವರೆಗೂ ಹಳೆಯದರಲ್ಲಿ ಜೀವ ಉಳಿದದ್ದು ಬಹುಮಟ್ಟಿಗೆ ಹೊರಗಿನ ಇಂಥ ಜನರಿಂದ. ಕೋಟ್ಯಧೀಶ ಕಂಪನಿ ಬಾಗಿಲು ಹಾಕಿಕೊಂಡಾಗ ಸಣ್ಣ ಶುಲ್ಕ ಪಡೆಯುವವನು ಅಂಗಡಿ ತೆರೆದೇ ಇಟ್ಟಿದ್ದ. ಇಂದು ಜಾನ್ ಡೌಸನ್ ಎಂಬವರು ನೋಡಿಕೊಳ್ಳುತ್ತಿರುವ ಏಳನೆಯ ಆವೃತ್ತಿ 2020ರ ಆಟಕ್ಕೂ 2024ರ ಆಟಕ್ಕೂ ಹೊಂದುತ್ತದೆ.

ಹಾಗೆಂದು ಎಲ್ಲರೂ ಕೊಳ್ಳಬೇಕೆಂದು ನಾವು ಬರೆಯುವುದಿಲ್ಲ. ಅಂಚೆಯವನ ಮೂಲ ಕೆಲಸ, ಅಂದರೆ ಬೇರೆ ತಂತ್ರಾಂಶಗಳಿಗೆ ಅಂಕೆ ಮುಟ್ಟಿಸುವುದು, ನೋಂದಣಿ ಇಲ್ಲದೆಯೂ ನಡೆಯುತ್ತದೆ. ಹಣ ಕೊಟ್ಟರೆ ದೊರೆಯುವುದು ಹಿಡಿಕೆ, ಗುಂಡಿಗಳನ್ನು ವಿಮಾನಕ್ಕೊಂದು ಬಗೆಯಾಗಿ ಹೊಂದಿಸಿಕೊಳ್ಳುವ, ಅಳತೆ ಸರಿಪಡಿಸುವ ಹೆಚ್ಚಿನ ಸೌಕರ್ಯ. ಒಂದೇ ಜಾಯ್‌ಸ್ಟಿಕ್ ಹಿಡಿದು ರಜಾದಿನದಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹಾರುವ ಹುಡುಗನಿಗೆ ಆಟದೊಳಗಿನ ವ್ಯವಸ್ಥೆಯೇ ಸಾಕು. ಖರ್ಚೇ ಬೇಡವೆನ್ನುವವರಿಗೆ 1997ರಿಂದ ಸ್ವಯಂಸೇವಕರು ಬೆಳೆಸುತ್ತಿರುವ ಫ್ಲೈಟ್‌ಗೇರ್ ಎಂಬ ಉಚಿತ ಸಿಮ್ಯುಲೇಟರ್ ಇದೆ. ಮೂರು ನಾಲ್ಕು ಬಗೆಯ ಹಿಡಿಕೆ, ಪೆಡಲ್ ಜೋಡಿಸಿಕೊಂಡು, ಪೈಲಟ್ ವಿದ್ಯೆಯತ್ತಲೇ ಮನಸ್ಸಿಟ್ಟು ದಿನವೂ ಅಭ್ಯಾಸ ಮಾಡುವವನ ಮಾತು ಬೇರೆ. ಅವನ ಕೈಯಲ್ಲಿ ಆ ಶುಲ್ಕ ವ್ಯರ್ಥವಾಗದು.

ಆದ್ದರಿಂದ ನಮ್ಮ ಟಿಪ್ಪಣಿ ಇಷ್ಟು. ಮೊದಲು ಉಚಿತ ಭಾಗವನ್ನು ಹಾಕಿ ಒಂದು ತಿಂಗಳು ಬಳಸಲಿ. ಏನು ಸಾಲದು ಎಂಬುದನ್ನು ಹುಡುಗನೇ ಒಂದು ಹಾಳೆಯಲ್ಲಿ ಬರೆದು ತರಲಿ. ಬರೆಯಲು ಏನೂ ತೋಚದಿದ್ದರೆ ಕಡತ ಅಲ್ಲಿಗೇ ಮುಕ್ತಾಯ. ನಿಖರವಾಗಿ ಬರೆದು ತಂದರೆ ಮಂಜೂರು ಮಾಡಿ. ಆದರೆ ಆಟದ ಹೊಸ ತಲೆಮಾರು ಬಂದಾಗ ಮತ್ತೆ ಶುಲ್ಕ ಕೊಡಬೇಕಾಗಬಹುದು ಎಂಬುದನ್ನು ಮೊದಲೇ ತಿಳಿದಿರಿ. ಕದ್ದ ಪ್ರತಿಯನ್ನು ಮಾತ್ರ ಮನೆಗೆ ತರಿಸಬೇಡಿ. ವರ್ಷಾನುಗಟ್ಟಲೆ ಒಂದು ಸಾಧನವನ್ನು ಕೆಡದಂತೆ ಕಾಯುವುದೂ ಒಂದು ದುಡಿಮೆ, ಅದಕ್ಕೂ ಸಂಬಳವಿದೆ ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಅಗ್ಗದ ಪಾಠ ಸಿಗುವುದು ಕಷ್ಟ.

ಆರ್ಗನ್ನಿನ ತಿದಿಯ ಮೇಲೆ ಕುಳಿತ ಮರದ ವಿಮಾನವನ್ನು ಆಟಿಕೆಯೆಂದು ಬದಿಗಿಟ್ಟ ಸೇನೆ ಅದರ ಬೆಲೆ ತಿಳಿಯಲು ಹತ್ತಾರು ತರುಣರನ್ನು ಕಳೆದುಕೊಳ್ಳಬೇಕಾಯಿತು. ನಮ್ಮ ಮನೆಯ ಪ್ರಶ್ನೆ ಅಷ್ಟು ದೊಡ್ಡದಲ್ಲ. ಆದರೂ ಬೇಡವೆಂದು ಬರೆಯುವ ಮುನ್ನ ಅದು ಏನು ಕೆಲಸ ಮಾಡುತ್ತದೆಂದು ಕೇಳಿ ತಿಳಿಯುವುದಕ್ಕೆ ಏನೂ ಖರ್ಚಿಲ್ಲ.