ಚೀಟಿಯ ಮೇಲಿನ ಆ ನಂಬರು ಎಲ್ಲಿಂದ ಬಂತು?

ಹೋದ ಬೇಸಿಗೆಯಲ್ಲಿ ಅಕ್ಕನ ಎರಡು ವರ್ಷದ ಮಗನಿಗೆ ಭೇದಿ ಹತ್ತಿಕೊಂಡಿತು. ಗೌರಿಬಿದನೂರು ಕಡೆಯಿಂದ ಬಸ್ಸು ಹಿಡಿದು ಯಲಹಂಕಕ್ಕೆ ಬಂದೆವು. ಅಲ್ಲಿನ ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಚರ್ಮ ಎಳೆದು ನೋಡಿದರು. ಬರೆದಿದ್ದು ಎರಡೇ: ಓಆರ್‌ಎಸ್ ಪುಡಿ ಮತ್ತು 14 ದಿನ ಜಿಂಕ್. ಅಜ್ಜಿಗೆ ಸಿಟ್ಟು ಬಂತು. "ಇಂಜೆಕ್ಷನ್ ಇಲ್ಲ, ಗ್ಲೂಕೋಸ್ ಇಲ್ಲ, ಊಟ ಬೇರೆ ಕೊಡಿ ಅಂತಾನೆ. ಇಷ್ಟಕ್ಕೆ ಬಸ್ ಚಾರ್ಜ್ ಯಾಕೆ ಕೊಡಬೇಕಿತ್ತು?" ಅಂದಳು. ಅಜ್ಜಿಯ ಕಾಲದಲ್ಲಿ ಭೇದಿಯಾದ ಮಗುವನ್ನು ಉಪವಾಸ ಕೆಡವುತ್ತಿದ್ದರು.

ವಾಪಸ್ ಬಸ್ಸಿನಲ್ಲಿ ಚೀಟಿ ನೋಡುತ್ತಾ ಕೂತೆ. ಹೆಸರಿನ ಮುಂದೆ ಎಂಬಿಬಿಎಸ್, ಡಿಸಿಎಚ್. ಕೆಳಗೆ ಸಣ್ಣಕ್ಷರದಲ್ಲಿ ಕೆಎಂಸಿ ಅಂತ ಬರೆದು ಒಂದು ನಂಬರು. ನೀವೂ ಇದನ್ನು ನೂರು ಸಲ ನೋಡಿರುತ್ತೀರಿ, ಓದಿರುವುದಿಲ್ಲ. ನಾನೂ ಅಷ್ಟೆ. ಆಮೇಲೆ ಅದರ ಬೆನ್ನು ಹತ್ತಿದೆ.

ಯಾರು ಡಾಕ್ಟರು, ಯಾರು ಅಲ್ಲ ಎಂದು ಒಂದು ಪುಸ್ತಕದಲ್ಲಿ ಹೆಸರು ಬರೆದಿಡುವ ಪದ್ಧತಿ ಬ್ರಿಟನ್ನಿನಲ್ಲಿ 1858ರ ಕಾನೂನಿನಿಂದ ಬಂತು. ಬ್ರಿಟಿಷರ ಭಾರತದಲ್ಲಿ ಮೊದಲು ಬಾಂಬೆ ಪ್ರಾಂತ್ಯ 1912ರಲ್ಲಿ, ಮದ್ರಾಸ್ 1914ರಲ್ಲಿ ಇಂಥ ಕಾನೂನು ಮಾಡಿದವು. ಹಾಗಾಗಿ ಧಾರವಾಡದ ಡಾಕ್ಟರು ಬಾಂಬೆ ಪಟ್ಟಿಯಲ್ಲಿ, ಮಂಗಳೂರಿನವರು ಮದ್ರಾಸ್ ಪಟ್ಟಿಯಲ್ಲಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, 1930ರಲ್ಲಿ ಮೈಸೂರಿಗೆ ಹೋಯಿತು. ಮರುವರ್ಷ, 1931ರಲ್ಲಿ, ಸಂಸ್ಥಾನದ್ದೇ ನೋಂದಣಿ ಕಾನೂನು ಬಂತು. ರಾಜ್ಯ ಒಂದಾದ ಮೇಲೆ ಈ ತುಂಡು ಕಾನೂನುಗಳನ್ನೆಲ್ಲ ಸೇರಿಸಿ 1961ರಲ್ಲಿ ಒಂದೇ ಕಾನೂನು ಮಾಡಿದರು. ಇವತ್ತಿನ ಕರ್ನಾಟಕ ವೈದ್ಯಕೀಯ ಪರಿಷತ್ತು, ಅಂದರೆ ಕೆಎಂಸಿ, ಆ ಕಾನೂನಿನ ಕೂಸು.

ಮಕ್ಕಳಿಗೇ ಬೇರೆ ಡಾಕ್ಟರು ಎಂಬ ಮಾತು ಇನ್ನೂ ಹೊಸದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತಾಯಿ-ಮಕ್ಕಳಿಗೆಂದು 1935ರಲ್ಲಿ ತೆರೆಯಿತು. ಮಕ್ಕಳ ವೈದ್ಯರ ಅಖಿಲ ಭಾರತ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹುಟ್ಟಿದ್ದು 1963ರಲ್ಲಿ. ನಮ್ಮ ಬಳ್ಳಾರಿ ರಸ್ತೆಯ ಕಡೆ ನೋಡಿದರೆ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಬಂತು, ಯಶವಂತಪುರದಿಂದ ದೂರವಿಲ್ಲದ ರಾಮಯ್ಯ ಮೆಡಿಕಲ್ ಕಾಲೇಜು 1979ರಲ್ಲಿ. ಈಗ ಯಲಹಂಕದಿಂದ ಆರ್.ಟಿ. ನಗರದವರೆಗೆ ಬಸ್ ಕಿಟಕಿಯಲ್ಲಿ ಮಕ್ಕಳ ಕ್ಲಿನಿಕ್ ಬೋರ್ಡುಗಳನ್ನು ಎಣಿಸಲು ಆಗುವುದಿಲ್ಲ. ಡಿಸಿಎಚ್ ಅಂದರೆ ಎಂಬಿಬಿಎಸ್ ಮೇಲೆ ಎರಡು ವರ್ಷದ ಡಿಪ್ಲೊಮಾ, ಎಂಡಿ ಅಥವಾ ಡಿಎನ್‌ಬಿ ಅಂದರೆ ಮೂರು ವರ್ಷ.

ಹಿಂದೆಲ್ಲ ನೋಂದಣಿ ಮದುವೆ ಇದ್ದ ಹಾಗೆ. ಒಂದು ಸಲ ಆದರೆ ಆಯಿತು. 1970ರಲ್ಲಿ ಪಾಸಾದವರು ಆಗ ಕಲಿತದ್ದರಲ್ಲೇ 2000ದವರೆಗೂ ಔಷಧಿ ಬರೆಯಬಹುದಿತ್ತು, ಯಾರೂ ಕೇಳುವಂತಿರಲಿಲ್ಲ. ಆದರೆ ಮಕ್ಕಳ ವೈದ್ಯ ನಿಂತ ನೀರಲ್ಲ. ನಮ್ಮ ಹುಡುಗನ ಚೀಟಿಯನ್ನೇ ತೆಗೆದುಕೊಳ್ಳಿ. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಕಾಲರಾ ಬಡಿದಾಗ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಸಕ್ಕರೆ-ಉಪ್ಪಿನ ನೀರು ಕುಡಿಸಿ ಜೀವ ಉಳಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ ಪುಡಿಯ ಅಳತೆಯೇ 2002ರಲ್ಲಿ ಬದಲಾಯಿತು, ಉಪ್ಪು-ಸಕ್ಕರೆ ಎರಡೂ ಕಡಿಮೆಯಾದವು. ಜೊತೆಗೆ ಜಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು 2004ರಲ್ಲಿ. ಅಂದರೆ 1990ರಲ್ಲಿ ಪಾಸಾದ ಡಾಕ್ಟರು ಕಾಲೇಜಿನಲ್ಲಿ ಈ ಜಿಂಕ್ ಕಲಿತಿರಲು ಸಾಧ್ಯವೇ ಇಲ್ಲ. ಆಮೇಲೆ ಎಲ್ಲೋ ಕಲಿತಿರಬೇಕು.

ಇನ್ನೂ ಇದೆ. ಜ್ವರಕ್ಕೆಂದು ಮನೆಮನೆಯಲ್ಲಿದ್ದ ನಿಮೆಸುಲೈಡ್ ಸಿರಪ್ಪನ್ನು 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೇಂದ್ರ ಸರ್ಕಾರ ನಿಷೇಧಿಸಿತು. ನೆಗಡಿಗೆ ಕೊಡುತ್ತಿದ್ದ ಕ್ಲೋರ್‌ಫೆನಿರಮಿನ್-ಫೆನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಕೊಡಬೇಡಿ ಎಂಬ ಸೂಚನೆ 2023ರಲ್ಲಿ ಬಂತು. ಬರೀ ಹನಿ ಇದ್ದ ಪೋಲಿಯೊಗೆ 2015ರಿಂದ ಚುಚ್ಚುಮದ್ದೂ ಸೇರಿತು. ಭೇದಿ ತಡೆಯುವ ರೋಟಾವೈರಸ್ ಲಸಿಕೆ 2016ರಲ್ಲಿ ಕೆಲವು ರಾಜ್ಯಗಳಿಂದ ಶುರುವಾಗಿ ದೇಶಕ್ಕೆಲ್ಲ ಬಂತು. ಇಷ್ಟರಲ್ಲಿ ಯಾವ ಒಂದು ತಪ್ಪಿದರೂ ದಂಡ ಕಟ್ಟುವುದು ಮಗು.

ಇದಕ್ಕೇನು ಮಾಡಿದರು? 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ನಡತೆಯ ನಿಯಮ ತಂದಿತು. ಅದರ ಪ್ರಕಾರ ಡಾಕ್ಟರಾದವರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಮರುಕಲಿಕೆಯ ಸಭೆಗಳಲ್ಲಿ ಕೂರಬೇಕು. ಚೀಟಿಯ ಮೇಲೆ ನೋಂದಣಿ ನಂಬರು ಹಾಕಬೇಕೆಂಬುದೂ ಅದೇ ನಿಯಮದಲ್ಲಿದೆ. ಕರ್ನಾಟಕದಲ್ಲಿ ಈಗ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆ ಗಂಟೆಗಳ ಲೆಕ್ಕ ತೋರಿಸಬೇಕು.

30 ಗಂಟೆ ಅಂದರೆ ವರ್ಷಕ್ಕೆ 6 ಗಂಟೆ. ನಮ್ಮೂರಿನಿಂದ ಬೆಂಗಳೂರಿಗೆ ಹೋಗಿ ಬರುವಷ್ಟು ಹೊತ್ತು. ಪರೀಕ್ಷೆ ಇಲ್ಲ, ಹಾಜರಿ ಸಾಕು. ಮಕ್ಕಳ ಡಾಕ್ಟರು ಮಕ್ಕಳ ವಿಷಯದಲ್ಲೇ ಕೂರಬೇಕು ಎಂದೂ 2002ರ ನಿಯಮ ಹೇಳುವುದಿಲ್ಲ. ಎಂಡಿ, ಡಿಸಿಎಚ್ ಪದವಿಗಳಿಗಂತೂ ಅವಧಿಯೇ ಇಲ್ಲ. ನನಗೆ ಇದು ಸಾಲದು ಅನಿಸುತ್ತದೆ. ಆದರೆ ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಇರುವ ಮಕ್ಕಳ ಡಾಕ್ಟರು ಸಭೆಗೆಂದು ಬಾಗಿಲು ಹಾಕಿದರೆ ಆ ದಿನ ಹಳ್ಳಿಯ ತಾಯಂದಿರು ಎಲ್ಲಿ ಹೋಗಬೇಕು ಎಂಬುದೂ ನಿಜವೇ.

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ವೃತ್ತಿಯ ಲೈಸೆನ್ಸ್ ಒಂದು, ಮಕ್ಕಳ ತಜ್ಞ ಎಂಬ ಪ್ರಮಾಣಪತ್ರ ಇನ್ನೊಂದು. ಆ ಪತ್ರ ಕೊಡುವ ಮಂಡಳಿ 1933ರಲ್ಲಿ ಹುಟ್ಟಿತು. ಮೊದಲು ಅದೂ ಜೀವನಪೂರ್ತಿ ಇತ್ತು. 1988ರಿಂದ ಕೊಟ್ಟ ಪತ್ರಗಳಿಗೆ 7 ವರ್ಷದ ಅವಧಿ ಹಾಕಿದರು, ಹಳಬರ ಪತ್ರ ಹಾಗೇ ಬಿಟ್ಟರು. (ಹಳಬರಿಗೆ ವಿನಾಯಿತಿ ಎಲ್ಲ ದೇಶದಲ್ಲೂ ಸಿಗುತ್ತದೆ!) ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದರ ಬದಲು ಮೂರು ತಿಂಗಳಿಗೊಮ್ಮೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ಪ್ರಶ್ನೆ ಉತ್ತರಿಸುವ ಅವಕಾಶ 2019ರಿಂದ ಎಲ್ಲರಿಗೂ ಸಿಕ್ಕಿತು. ಬ್ರಿಟನ್ 2012ರ ಕೊನೆಯಲ್ಲಿ 5 ವರ್ಷಕ್ಕೊಮ್ಮೆ ಮರುಪರಿಶೀಲನೆ ಶುರು ಮಾಡಿತು.

ನಮ್ಮ ರಾಜ್ಯದಲ್ಲಿ ಈ ನಂಬರಿಗೂ ಹಳ್ಳಿಗೂ ಇನ್ನೊಂದು ನಂಟಿದೆ. ಓದು ಮುಗಿಸಿದ ಡಾಕ್ಟರು ಒಂದು ವರ್ಷ ಸರ್ಕಾರಿ ಸೇವೆ ಮಾಡಿದರೆ ಮಾತ್ರ ಕಾಯಂ ನೋಂದಣಿ ಎಂಬ ಕಾನೂನನ್ನು 2012ರಲ್ಲಿ ಮಾಡಿ 2015ರಲ್ಲಿ ಜಾರಿಗೆ ತಂದರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, 2019ರಲ್ಲಿ ಹೈಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ನಿಮ್ಮ ಪಿಎಚ್‌ಸಿಯಲ್ಲಿ ವರ್ಷವಿದ್ದು ಹೋದ ಎಷ್ಟೋ ಎಳೆಯ ಡಾಕ್ಟರು ಬಂದದ್ದು ಹೀಗೆ.

ನಂಬರೇ ಇಲ್ಲದವರ ಮಾತು ಬೇರೆ. ಹೋಮಿಯೋಪತಿ ಕಲಿತವರೊಬ್ಬರು ಇಂಗ್ಲಿಷ್ ಔಷಧಿ ಕೊಟ್ಟು ಮುಂಬೈಯ ರೋಗಿ ಸತ್ತ ಪ್ರಕರಣದಲ್ಲಿ, ತನಗೆ ಗೊತ್ತಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೂ ನಮ್ಮ ಕಡೆ ಸಂತೆ ದಿನ ಇಂಜೆಕ್ಷನ್ ಕೊಟ್ಟು ಹೋಗುವವರು ಯಾರು ಅಂತ ನಿಮಗೇ ಗೊತ್ತು. ಅವರ ಬಳಿ ಚೀಟಿಯೇ ಇರುವುದಿಲ್ಲ.

ದೇಶದ ವೈದ್ಯರ ಪಟ್ಟಿ ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿದೆ. ರಾಜ್ಯ ಆರಿಸಿ, ನಂಬರು ಹಾಕಿದರೆ ಹೆಸರು, ಪದವಿ, ನೋಂದಣಿಯಾದ ದಿನ ಬರುತ್ತವೆ. ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ಸಿಗ್ನಲ್ ಬಂತು, ಹಾಕಿ ನೋಡಿದೆ. ನಮ್ಮ ಡಾಕ್ಟರು ನೋಂದಣಿಯಾದದ್ದು ಜಿಂಕ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಅಜ್ಜಿಗೆ ತೋರಿಸಿದೆ. ಅವಳು ಫೋನ್ ನೋಡಲಿಲ್ಲ, ಮಗುವಿನ ಬಾಯಿಗೆ ಚಮಚ ಹಿಡಿದಿದ್ದಳು.