ಶ್ವಾಸಕೋಶ ಅರಿಯಲು ಹೃದಯದ ದಾರಿ

ಶ್ವಾಸಕೋಶದ ಕಾಯಿಲೆಯನ್ನು ಅರಿಯಲು ಹೃದಯದೊಳಗೆ ನಳಿಕೆ ತೂರಿಸಬೇಕೆಂದರೆ ಯಾರು ತಾನೇ ಒಪ್ಪಿಯಾರು? 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮದೇ ತೋಳಿನ ಅಭಿಧಮನಿಯ ಮೂಲಕ ಹೃದಯದವರೆಗೆ ನಳಿಕೆ ಹಾಯಿಸಿ ಎಕ್ಸ್-ರೇ ತೆಗೆಸಿಕೊಂಡರು. ಮೆಚ್ಚುಗೆಗಿಂತ ಟೀಕೆಯೇ ಹೆಚ್ಚು ಬಂತು. ಅವರು ಮೂತ್ರರೋಗ ಚಿಕಿತ್ಸೆಯತ್ತ ಹೊರಳಿದರು.

ಆ ದಾರಿಯನ್ನು ಮತ್ತೆ ಹಿಡಿದವರು, 1895ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಆಂಡ್ರೆ ಕೂರ್ನಾಂಡ್. ಶ್ವಾಸಕೋಶದಲ್ಲಿ ರಕ್ತಕ್ಕೆ ಎಷ್ಟು ಆಮ್ಲಜನಕ ಸೇರುತ್ತದೆಂದು ಅಳೆಯಲು, ಅಲ್ಲಿಗೆ ತಲುಪುವ ಮುನ್ನಿನ ರಕ್ತ ಬೇಕು. ಅದು ಸಿಗುವುದು ಹೃದಯದ ಬಲಭಾಗದಲ್ಲಿ. ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಡಿಕಿನ್ಸನ್ ರಿಚರ್ಡ್ಸ್ ಜೊತೆಗೂಡಿ ಅವರು 1940ರ ದಶಕದಲ್ಲಿ ಶ್ವಾಸಕೋಶದ ಅಪಧಮನಿಯ ಒತ್ತಡವನ್ನೂ ಅಳೆದರು. ದೀರ್ಘಕಾಲದ ಶ್ವಾಸಕೋಶರೋಗ ಹೃದಯವನ್ನು ಹೇಗೆ ದಣಿಸುತ್ತದೆಂಬುದು ಅಂಕಿಗಳಲ್ಲಿ ತಿಳಿಯಿತು.

1956ರಲ್ಲಿ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಶ್ವಾಸಕೋಶದ ಅಧಿಕ ರಕ್ತದೊತ್ತಡವನ್ನು ವೈದ್ಯರು ಖಚಿತಪಡಿಸಿಕೊಳ್ಳುವುದು ಇಂದಿಗೂ ಈ ನಳಿಕೆಯಿಂದಲೇ.